ಛೆಟ್ರಿ ಆದ ಮೇಲೆ ಗೋಲು ಹೊಡೆಯೋರು ಯಾರು?

ಸಂಪಾದಕರಿಗೆ ನಮಸ್ಕಾರ.

ಫುಟ್‌ಬಾಲ್ ಆಟಗಾರ ಸುನಿಲ್ ಛೆಟ್ರಿ ಬಗ್ಗೆ ಪತ್ರಿಕೆಗಳಲ್ಲಿ ಏನೇ ಬರಲಿ, ಒಂದು ಸಾಲು ಮಾತ್ರ ಇದ್ದೇ ಇರುತ್ತದೆ. ದೇಶದ ಪರ 95 ಗೋಲು. ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದಾಯಿ ಬಿಟ್ಟರೆ ದೇಶದ ಪರ ಅತಿ ಹೆಚ್ಚು ಗೋಲು ಇವರದ್ದೇ. ಓದಿದಾಗ ಖುಷಿ ಆಗುತ್ತದೆ, ನನಗೂ ಆಗುತ್ತದೆ. ಆದರೆ ಆ ಸಾಲಿನ ಪಕ್ಕದಲ್ಲೇ ಇನ್ನೊಂದು ಮಾತನ್ನೂ ಅಚ್ಚು ಹಾಕಬೇಕು ಅಂತ ನನ್ನ ಆಸೆ. 2024ರ ಜೂನ್‌ನಲ್ಲಿ ಕಣ್ಣೀರು ಹಾಕಿ ವಿದಾಯ ಹೇಳಿದ ಆಟಗಾರನನ್ನು ವರ್ಷ ತುಂಬುವ ಮೊದಲೇ, ನಲವತ್ತು ದಾಟಿದ ಮೇಲೆ, ಮತ್ತೆ ಭಾರತ ತಂಡಕ್ಕೆ ಕರೆಸಿಕೊಂಡರು. ಯಾಕೆ ಅಂದರೆ ಗೋಲು ಹೊಡೆಯೋಕೆ ಬೇರೆ ಯಾರೂ ಇರಲಿಲ್ಲ. ಇದು ಛೆಟ್ರಿಗೆ ದೊಡ್ಡ ಗೌರವ, ನಿಜ. ಆದರೆ ನಮ್ಮ ಫುಟ್‌ಬಾಲ್‌ಗೆ ಇದು ಒಳ್ಳೆಯ ಸುದ್ದಿಯೇ? ಈ ಪತ್ರ ಬರೆಯೋಕೆ ಅದೇ ಕಾರಣ.

ಮೊದಲು ಅವರ ದಾರಿ ಹೇಗಿತ್ತು ಅಂತ ಸ್ವಲ್ಪ ಹೇಳುತ್ತೇನೆ. ಬೆಂಗಳೂರಿನಲ್ಲಿ ಅವರನ್ನು ನಮ್ಮೂರಿನವರೇ ಅಂದುಕೊಂಡಿರುವ ಎಷ್ಟೋ ಮಂದಿಗೆ, ಅವರು ಇಲ್ಲಿಗೆ ಬಂದ 2013ಕ್ಕಿಂತ ಹಿಂದಿನ ಕಥೆ ಗೊತ್ತಿಲ್ಲ.

1984ರ ಆಗಸ್ಟ್ 3ರಂದು ಸಿಕಂದರಾಬಾದ್‌ನಲ್ಲಿ ಹುಟ್ಟಿದವರು ಅವರು. ಅಪ್ಪ ಸೇನೆಯಲ್ಲಿದ್ದರು, ಹಾಗಾಗಿ ಊರೂರು ತಿರುಗುವ ಬಾಲ್ಯ. ಅಮ್ಮ ಸುಶೀಲಾ ನೇಪಾಳದ ಮಹಿಳಾ ಫುಟ್‌ಬಾಲ್ ತಂಡದಲ್ಲಿ ಆಡಿದವರು, ಅವರ ಅವಳಿ ಸಹೋದರಿಯೂ ಅದೇ ತಂಡದಲ್ಲಿದ್ದರು. ಅಮ್ಮನೇ ಅಂತರರಾಷ್ಟ್ರೀಯ ಆಟಗಾರ್ತಿ ಆಗಿದ್ದ ಮನೆ ನಮ್ಮ ದೇಶದಲ್ಲಿ ಎಷ್ಟಿರಬಹುದು ಹೇಳಿ! ದೆಹಲಿಯ ಸಿಟಿ ಕ್ಲಬ್‌ನಲ್ಲಿ ಆಡುತ್ತಿದ್ದ ಹುಡುಗನನ್ನು 2002ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಕರೆಸಿಕೊಂಡಿತು. ಆಗ ಅವರಿಗೆ ಹದಿನೇಳೋ ಹದಿನೆಂಟೋ. ಅಲ್ಲಿ ಬ್ರೆಜಿಲ್‌ನ ಬರೆಟೊ ಇದ್ದರು, ಬಾಗಾನ್ ಅಭಿಮಾನಿಗಳ ಪಾಲಿನ ದೇವರು. ಅಂಥವರ ಜತೆ, ಸೋತರೆ ಮುಖಕ್ಕೆ ಬೈಯುವ ಗ್ಯಾಲರಿಯ ಮುಂದೆ ಆಡಿ ಕಲಿತರು. ಆಮೇಲೆ ಪಂಜಾಬಿನ ಜೆಸಿಟಿ, ಈಸ್ಟ್ ಬೆಂಗಾಲ್, ಗೋವಾದ ಡೆಂಪೊ, ಕೋಲ್ಕತ್ತದ ಚಿರಾಗ್ ಯುನೈಟೆಡ್, ಮತ್ತೆ ಬಾಗಾನ್, ಆಮೇಲೆ ಚರ್ಚಿಲ್ ಬ್ರದರ್ಸ್. ನೋಡಿ, ಎಷ್ಟು ಊರು, ಎಷ್ಟು ಜರ್ಸಿ. ಅದರಲ್ಲಿ ಜೆಸಿಟಿ ತಂಡ 2011ರಲ್ಲಿ ಬಾಗಿಲೇ ಹಾಕಿಕೊಂಡಿತು. ನಮ್ಮಲ್ಲಿ ವೃತ್ತಿಪರ ಫುಟ್‌ಬಾಲ್ ಆಟಗಾರನ ಬದುಕು ಹೀಗೇ. ಕಾಲಲ್ಲಿ ಆಟ ಇದ್ದರೂ ಕ್ಲಬ್ ನಾಳೆ ಇರುತ್ತೋ ಇಲ್ಲವೋ ಗೊತ್ತಿಲ್ಲ.

ಹೊರದೇಶದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದರಲ್ಲಿ ನಮಗೆಲ್ಲ ಅರ್ಥ ಆಗಬೇಕಾದ ವಿಷಯ ಇದೆ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಅವರ ಜತೆ ಮೂರು ವರ್ಷದ ಒಪ್ಪಂದಕ್ಕೆ ಮುಂದಾಯಿತು. ಆಗ ಅವರಿಗೆ 25, ಸ್ಟ್ರೈಕರ್‌ಗೆ, ಅಂದರೆ ಮುಂದೆ ನಿಂತು ಗೋಲು ಹೊಡೆಯುವವನಿಗೆ, ಅತಿ ಒಳ್ಳೆಯ ವಯಸ್ಸು. ಆದರೆ ಬ್ರಿಟಿಷ್ ಸರ್ಕಾರ ಕೆಲಸದ ಪರವಾನಗಿ ಕೊಡಲಿಲ್ಲ. ಕಾರಣ ಛೆಟ್ರಿಯ ಆಟ ಅಲ್ಲ. ಭಾರತ ತಂಡ ಫಿಫಾ ಪಟ್ಟಿಯಲ್ಲಿ ಮೊದಲ 70ರ ಒಳಗೆ ಇರಲಿಲ್ಲ, ಅಷ್ಟೇ. ಅಂದರೆ ನಮ್ಮ ಫುಟ್‌ಬಾಲ್ ವ್ಯವಸ್ಥೆ ಮಾಡಿದ ತಪ್ಪಿಗೆ, ಅದೇ ವ್ಯವಸ್ಥೆಯಲ್ಲಿ ಹೇಗೋ ಮೇಲೆ ಬಂದ ಹುಡುಗ ದಂಡ ಕಟ್ಟಿದ. ಮರುವರ್ಷ ಅಮೆರಿಕದ ಕ್ಯಾನ್ಸಾಸ್ ಸಿಟಿ ವಿಜರ್ಡ್ಸ್‌ಗೆ ಹೋದರು, ಅಲ್ಲಿ ಬೆಂಚಿನ ಮೇಲೆ ಕೂತಿದ್ದೇ ಜಾಸ್ತಿ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಬಿ ತಂಡ, ಅಲ್ಲಿ ಬೆರಳೆಣಿಕೆಯ ಪಂದ್ಯ. ವಾಪಸ್ ಬಂದರು. ಇದನ್ನು ಅವರ ಸೋಲು ಅಂತ ಬರೆಯುವವರು ಇದ್ದಾರೆ. ನಾನು ಹಾಗೆ ನೋಡುವುದಿಲ್ಲ. ನಮ್ಮಲ್ಲಿ ಹೆಸರು ಮಾಡಿದ ಮೇಲೂ ಅಲ್ಲಿ ಹೋಗಿ ಎರಡನೇ ದರ್ಜೆಯ ತಂಡದಲ್ಲಿ ಮತ್ತೆ ಮೊದಲಿಂದ ಶುರು ಮಾಡೋಕೆ ಎಲ್ಲರೂ ಒಪ್ಪಲ್ಲ.

ದೇಶದ ಪರ ಮೊದಲ ಪಂದ್ಯ 2005ರ ಜೂನ್ 12, ಪಾಕಿಸ್ತಾನದ ಕ್ವೆಟ್ಟಾದಲ್ಲಿ. ಅದರಲ್ಲೇ ಗೋಲು ಹೊಡೆದರು, ಪಂದ್ಯ 1-1. ನನ್ನ ಪ್ರಕಾರ ಅವರ ಜೀವನದ ಅತಿ ಮುಖ್ಯ ಪಂದ್ಯ ಅದಲ್ಲ, 2008ರ ಆಗಸ್ಟ್ 13ರದ್ದು. ಏಷ್ಯಾ ಫುಟ್‌ಬಾಲ್ ಒಕ್ಕೂಟದ (ಎಎಫ್‌ಸಿ) ಚಾಲೆಂಜ್ ಕಪ್ ಫೈನಲ್, ದೆಹಲಿಯ ಅಂಬೇಡ್ಕರ್ ಸ್ಟೇಡಿಯಂ, ಎದುರಾಳಿ ತಜಕಿಸ್ತಾನ. ಭಾರತ 4-1ರಲ್ಲಿ ಗೆದ್ದಿತು, ಮೂರು ಗೋಲು ಛೆಟ್ರಿಯವು, ಒಂದು ಬೈಚುಂಗ್ ಭುಟಿಯಾ ಅವರದ್ದು. ಆ ಗೆಲುವಿನಿಂದಲೇ ಭಾರತಕ್ಕೆ 2011ರ ಏಷ್ಯಾ ಕಪ್ ಬಾಗಿಲು ತೆರೆಯಿತು. ಅದಕ್ಕೆ ಮುಂಚೆ ನಾವು ಏಷ್ಯಾ ಕಪ್‌ನಲ್ಲಿ ಆಡಿದ್ದು 1984ರಲ್ಲಿ, ಛೆಟ್ರಿ ಕೂಸಾಗಿದ್ದಾಗ! ದೋಹಾದಲ್ಲಿ ಮೂರೂ ಪಂದ್ಯ ಸೋತೆವು. ಆಸ್ಟ್ರೇಲಿಯಾ ನಾಲ್ಕು ಗೋಲು ಹೊಡೆಯಿತು, ಬಹ್ರೇನ್ ಐದು, ದಕ್ಷಿಣ ಕೊರಿಯಾ ನಾಲ್ಕು. ಆ ಸೋಲಿನ ನಡುವೆ ಬಹ್ರೇನ್ ವಿರುದ್ಧ ಒಂದು, ಕೊರಿಯಾ ವಿರುದ್ಧ ಒಂದು ಗೋಲು ಹೊಡೆದವರು ಛೆಟ್ರಿ. 2019ರ ಏಷ್ಯಾ ಕಪ್‌ನಲ್ಲಿ ಥಾಯ್ಲೆಂಡ್ ವಿರುದ್ಧ 4-1ರಲ್ಲಿ ಗೆದ್ದಾಗಲೂ ಎರಡು ಗೋಲು ಅವರದ್ದೇ.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಅವರ 95 ಗೋಲುಗಳಲ್ಲಿ ಬಹಳಷ್ಟು ನಮ್ಮ ಅಕ್ಕಪಕ್ಕದ ಸಣ್ಣ ತಂಡಗಳ ವಿರುದ್ಧ ಬಂದವು. ನೇಪಾಳ, ಮಾಲ್ಡೀವ್ಸ್, ಪಾಕಿಸ್ತಾನ, ಬಾಂಗ್ಲಾ. ಇದು ನಿಜ, ಮುಚ್ಚಿಡೋಕೆ ಏನೂ ಇಲ್ಲ. ಮೆಸ್ಸಿ ಪಕ್ಕದಲ್ಲಿ ಫೋಟೊ ಹಾಕಿ ಹೋಲಿಕೆ ಮಾಡಿದರೆ ಅವರಿಗೇ ಮುಜುಗರ, ಆ ಹೋಲಿಕೆ ಬೇಡ ಅಂತ ಅವರೇ ಎಷ್ಟೋ ಸಲ ಹೇಳಿದ್ದಾರೆ. ಆದರೆ ಅದೇ ತಂಡಗಳ ವಿರುದ್ಧ ಅದೇ ಪಂದ್ಯಗಳಲ್ಲಿ ಬೇರೆ ಭಾರತೀಯರೂ ಆಡಿದರಲ್ವಾ? ಅವರಿಗೆ ಯಾಕೆ ಗೋಲು ಬರಲಿಲ್ಲ? ಹತ್ತೊಂಬತ್ತು ವರ್ಷ ಒಂದೇ ಸಮನೆ ಗೋಲು ಹೊಡೆಯೋದು ಸುಮ್ನೆ ಆಗುವ ಕೆಲಸ ಅಲ್ಲ. ಐದಡಿ ಏಳಿಂಚು ಎತ್ತರದ ಮನುಷ್ಯ, ತಲೆಯಲ್ಲಿ ಎಷ್ಟು ಗೋಲು ಹೊಡೆದಿದ್ದಾರೆ ನೋಡಿ. ಆರಡಿ ಡಿಫೆಂಡರ್ ನೆಗೆಯುವ ಮೊದಲೇ ಅವರು ಗಾಳಿಯಲ್ಲಿರುತ್ತಾರೆ. ಚೆಂಡು ಎಲ್ಲಿ ಬೀಳುತ್ತದೆ ಅಂತ ಉಳಿದವರಿಗಿಂತ ಅರ್ಧ ಸೆಕೆಂಡ್ ಮುಂಚೆ ಗೊತ್ತಾಗಿರುತ್ತದೆ. ಈ ವಿದ್ಯೆ ಬರೋದು ಪಂದ್ಯ ಆಡಿ ಆಡಿ. ಬೇರೆ ದಾರಿ ಇಲ್ಲ.

ಈಗ ಬೆಂಗಳೂರಿಗೆ ಬರೋಣ.

2013ರಲ್ಲಿ ಬೆಂಗಳೂರು ಎಫ್‌ಸಿ ಅಂತ ಹೊಸ ಕ್ಲಬ್ ಶುರುವಾದಾಗ ಛೆಟ್ರಿ ಅದರ ನಾಯಕರಾಗಿ ಬಂದರು. ಮೊದಲ ವರ್ಷ ಆಡಿದ್ದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಆ ಪುಟ್ಟ ಸ್ಟೇಡಿಯಂನಲ್ಲಿ ಕೂತರೆ ಆಟಗಾರರು ಪರಸ್ಪರ ಕೂಗಿಕೊಳ್ಳೋದೂ ಕೇಳಿಸುತ್ತಿತ್ತು. ಮೊದಲ ವರ್ಷವೇ ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್ ಗೆದ್ದರು! ಆಮೇಲೆ ಕಂಠೀರವಕ್ಕೆ ಹೋದರು. 2016ರಲ್ಲಿ ಮತ್ತೆ ಐ-ಲೀಗ್, ಅದೇ ವರ್ಷ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್. ಆ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದು, ದೋಹಾದಲ್ಲಿ ಇರಾಕಿನ ವಾಯುಸೇನೆ ತಂಡದ ಎದುರು 0-1ರಲ್ಲಿ ಸೋತೆವು. 2019ರಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಗೆದ್ದೆವು. ಕಂಠೀರವದ ವೆಸ್ಟ್ ಬ್ಲಾಕ್ ಗ್ಯಾಲರಿಯಲ್ಲಿ ನಿಂತು ತೊಂಬತ್ತು ನಿಮಿಷ ಹಾಡುವ ಹುಡುಗ ಹುಡುಗಿಯರು, ಕನ್ನಡದ ಘೋಷಣೆಗಳು, ನೀಲಿ ಬಾವುಟ. ಕ್ರಿಕೆಟ್ ಬಿಟ್ಟು ಬೇರೆ ಆಟಕ್ಕೆ ಈ ಊರು ಇಷ್ಟು ಜನ ಸೇರುತ್ತದೆ ಅಂತ 2012ರಲ್ಲಿ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವ ಒಂದು ಸಂಗತಿ ಇದೆ. ಹಿಂದೆ ಬೆಂಗಳೂರಿನ ಒಳ್ಳೆಯ ಆಟಗಾರರೆಲ್ಲ ಊರು ಬಿಟ್ಟು ಹೋಗಲೇಬೇಕಿತ್ತು. 1948 ಮತ್ತು 1952ರ ಒಲಿಂಪಿಕ್ಸ್ ಆಡಿದ ನಮ್ಮ ಅಹಮದ್ ಖಾನ್ ಈಸ್ಟ್ ಬೆಂಗಾಲ್‌ಗೆ ಹೋಗಿ, ಅಲ್ಲಿ ಪಂಚಪಾಂಡವರು ಅಂತ ಕರೆಸಿಕೊಂಡ ಐವರಲ್ಲಿ ಒಬ್ಬರಾದರು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮಗೆ ಹತ್ತು ಗೋಲು ಹೊಡೆದ ಪಂದ್ಯದಲ್ಲಿ ಭಾರತದ ಒಂದೇ ಒಂದು ಗೋಲು ಅವರದ್ದು. ಕಾರ್ಲ್‌ಟನ್ ಚಾಪ್‌ಮನ್ ಕೂಡ ಇದೇ ಊರಿನ ಹುಡುಗ. ಜೆಮ್‌ಶೆಡ್‌ಪುರದ ಟಾಟಾ ಅಕಾಡೆಮಿಗೆ ಹೋಗಿ, ಅಲ್ಲಿಂದ ಈಸ್ಟ್ ಬೆಂಗಾಲ್, ಜೆಸಿಟಿ ಸುತ್ತಿ, ದೇಶದ ತಂಡದ ನಾಯಕರೂ ಆದರು. 1993ರಲ್ಲಿ ಇರಾಕಿನ ಅಲ್ ಜವ್ರಾ ಕ್ಲಬ್ ವಿರುದ್ಧ ಹ್ಯಾಟ್ರಿಕ್ ಹೊಡೆದವರು ಅವರು. 2020ರ ಅಕ್ಟೋಬರ್‌ನಲ್ಲಿ 49ನೇ ವಯಸ್ಸಿಗೇ ತೀರಿಕೊಂಡರು. ಈ ಇಬ್ಬರ ಹೆಸರು ಹೇಳಿದರೆ ನಮ್ಮ ಕಾಲೇಜು ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತಾಗುತ್ತದೆ? ಇವರೆಲ್ಲ ಬದುಕು ಕಟ್ಟಿಕೊಳ್ಳೋಕೆ ಇಲ್ಲಿಂದ ಕೋಲ್ಕತ್ತದ ರೈಲು ಹತ್ತಿದರೆ, ಛೆಟ್ರಿ ಕೋಲ್ಕತ್ತ, ಗೋವಾ ಎಲ್ಲ ಮುಗಿಸಿ ಇಲ್ಲಿಗೆ ಬಂದು ನೆಲೆ ನಿಂತರು. ಹನ್ನೆರಡು ವರ್ಷಕ್ಕೂ ಮೇಲಾಯಿತು. ಮಧ್ಯೆ ಐಎಸ್‌ಎಲ್‌ಗೆ ಸ್ವಲ್ಪ ಕಾಲ ಮುಂಬೈಗೆ ಹೋಗಿದ್ದು ಬಿಟ್ಟರೆ ಬೇರೆಲ್ಲೂ ಹೋಗಲಿಲ್ಲ.

ಆದರೆ ಇದೇ ಬೆಂಗಳೂರು ತಂಡದಲ್ಲೂ ಒಂದು ವಿಷಯ ಗಮನಿಸಿ. 2017-18ರಲ್ಲಿ ತಂಡದ ಮುಂಚೂಣಿ ಸ್ಟ್ರೈಕರ್ ವೆನೆಜುವೆಲಾದ ಮಿಕು. ಛೆಟ್ರಿ ಎಡ ಬದಿಯಲ್ಲಿ. ಅಲ್ಲಿಂದಲೇ ಅವರು ಆ ವರ್ಷ 14 ಗೋಲು ಹೊಡೆದರು, ಮಿಕು 15. ಮಿಕು ಅದ್ಭುತ ಆಟಗಾರ, ಅವರ ಬಗ್ಗೆ ನನಗೆ ತಕರಾರಿಲ್ಲ. ನನ್ನ ಪ್ರಶ್ನೆ ಇಷ್ಟೇ. ದೇಶದ ಅತಿ ದೊಡ್ಡ ಸ್ಟ್ರೈಕರ್‌ಗೇ ಕ್ಲಬ್‌ನಲ್ಲಿ ನಡುಜಾಗ ಸಿಗಲ್ಲ ಅಂದರೆ, ಇಪ್ಪತ್ತು ವರ್ಷದ ಹುಡುಗನಿಗೆ ಯಾರು ಕೊಡುತ್ತಾರೆ?

ಐಎಸ್‌ಎಲ್ ಶುರುವಾದಾಗ ಮೈದಾನದಲ್ಲಿ ಒಂದು ತಂಡದ ಆರು ವಿದೇಶಿಯರು ಆಡಬಹುದಿತ್ತು. ಆಮೇಲೆ ಐದಾಯಿತು, 2021ರಿಂದ ನಾಲ್ಕು. ಸಂಖ್ಯೆ ಇಳಿಯಿತು ಸರಿ, ಆದರೆ ಆ ನಾಲ್ವರಲ್ಲಿ ಒಬ್ಬ ಹೆಚ್ಚುಕಡಿಮೆ ಪ್ರತಿ ತಂಡದಲ್ಲೂ ಸ್ಟ್ರೈಕರ್ ಆಗಿರುತ್ತಾನೆ. ಕೋಚ್‌ಗಳ ಕಷ್ಟವೂ ನನಗೆ ಅರ್ಥ ಆಗುತ್ತದೆ. ನಾಲ್ಕು ಪಂದ್ಯ ಸೋತರೆ ಕೆಲಸ ಹೋಗುತ್ತದೆ, ಗೋಲು ಖಚಿತವಾಗಿ ಬೇಕು, ಅದಕ್ಕೆ ಹೊರಗಿನಿಂದ ತಯಾರಾದವರನ್ನೇ ತರುತ್ತಾರೆ. ಆಗ ನಮ್ಮ ಹುಡುಗ ಏನಾಗುತ್ತಾನೆ? ವಿಂಗ್‌ಗೆ ಹೋಗುತ್ತಾನೆ, ಇಲ್ಲವೇ ಕೊನೆಯ ಹತ್ತು ನಿಮಿಷಕ್ಕೆ ಇಳಿಯುತ್ತಾನೆ. 2014ರಿಂದ 2025ರವರೆಗೆ ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಗೋಲ್ಡನ್ ಬೂಟ್ ಪ್ರಶಸ್ತಿ ಒಂದೇ ಒಂದು ವರ್ಷವೂ ಭಾರತೀಯನಿಗೆ ಹೋಗಿಲ್ಲ. ಛೆಟ್ರಿಗೂ ಇಲ್ಲ. 2024-25ರಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆದವರು ಯಾರು ಅಂದರೆ ಮತ್ತೆ ಇದೇ ಛೆಟ್ರಿ, 14 ಗೋಲು, ನಲವತ್ತನೇ ವಯಸ್ಸಲ್ಲಿ. ಕೇರಳ ಬ್ಲಾಸ್ಟರ್ಸ್ ವಿರುದ್ಧ ಕಂಠೀರವದಲ್ಲಿ ಹ್ಯಾಟ್ರಿಕ್. ಗೋವಾ ವಿರುದ್ಧ ಸೆಮಿಫೈನಲ್‌ನಲ್ಲಿ, ಪಂದ್ಯ ಇನ್ನೇನು ಹೆಚ್ಚುವರಿ ಸಮಯಕ್ಕೆ ಹೋಗುತ್ತದೆ ಅನ್ನುವಾಗ ಬದಲಿ ಆಟಗಾರನಾಗಿ ಬಂದು ತಲೆಯಲ್ಲಿ ಹೊಡೆದ ಗೋಲು. ಅವತ್ತು ನಾನು ಕುರ್ಚಿಯಿಂದ ಎದ್ದು ಕುಣಿದಿದ್ದೇನೆ. ಮರುದಿನ ಯೋಚನೆ ಮಾಡಿದಾಗ ಮಾತ್ರ ಸ್ವಲ್ಪ ಸಂಕಟವೂ ಆಯಿತು. ಅವರಿಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವರು ಎಲ್ಲಿ ಹೋದರು?

ದೇಶದ ತಂಡದಲ್ಲಿ ಇದರ ಪರಿಣಾಮ ಕಣ್ಣಿಗೆ ಕಾಣುವ ಹಾಗೆ ಇತ್ತು. 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ವಿರುದ್ಧ ಛೆಟ್ರಿಯ 150ನೇ ಪಂದ್ಯ. ಪೆನಾಲ್ಟಿಯಲ್ಲಿ ಗೋಲು ಹೊಡೆದರು, ಆದರೂ ತಂಡ 1-2ರಲ್ಲಿ ಸೋತಿತು. ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಕುವೈತ್ ವಿರುದ್ಧ ವಿದಾಯದ ಪಂದ್ಯ, 0-0. ಗೋಲಿಲ್ಲದ ವಿದಾಯ. ಆ ಇಡೀ ವರ್ಷ ಭಾರತ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. 2025ರ ಮಾರ್ಚ್‌ನಲ್ಲಿ ಕೋಚ್ ಮನೊಲೊ ಮಾರ್ಕೆಸ್ ಛೆಟ್ರಿಯನ್ನು ವಾಪಸ್ ಕರೆದರು, ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 3-0 ಗೆಲುವು ಬಂತು, ಅದರಲ್ಲಿ ಒಂದು ಗೋಲು ಛೆಟ್ರಿಯದ್ದು. ಅದೇ 95ನೆಯದು. ಆಮೇಲೆ ಏಷ್ಯಾ ಕಪ್ ಅರ್ಹತಾ ಪಂದ್ಯಗಳಲ್ಲಿ ಬಾಂಗ್ಲಾ ಜತೆ ಡ್ರಾ, ಹಾಂಗ್‌ಕಾಂಗ್ ವಿರುದ್ಧ ಸೋಲು, ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರ ವಿರುದ್ಧ 1-2. ಅಲ್ಲಿಗೆ 2027ರ ಏಷ್ಯಾ ಕಪ್ ಕನಸು ಮುಗಿಯಿತು. ಆ ಸೋಲಿಗೆ ಛೆಟ್ರಿಯನ್ನು ಬೈದವರೂ ಇದ್ದಾರೆ. ಮುದುಕನನ್ನು ಯಾಕೆ ಆಡಿಸಿದಿರಿ ಅಂತ. ಓದಿ ಬೇಜಾರಾಯಿತು. ಮನೆಗೆ ಹೋಗಿದ್ದವರನ್ನು ಕರೆದಿದ್ದು ನಾವು, ಅವರು ಬಂದರು. ಬರದೆ ಇದ್ದಿದ್ದರೆ ಅವರ ಹೆಸರಿಗೆ ಯಾವ ಕುಂದೂ ಬರುತ್ತಿರಲಿಲ್ಲ.

ಅವರು ಸುಮ್ಮನಿರುವ ಮನುಷ್ಯ ಅಲ್ಲ ಅನ್ನೋದು 2018ರಲ್ಲೇ ಗೊತ್ತಾಗಿತ್ತು. ಮುಂಬೈನ ಅಂಧೇರಿ ಮೈದಾನದಲ್ಲಿ ಚೈನೀಸ್ ತೈಪೆಯನ್ನು 5-0ರಲ್ಲಿ ಸೋಲಿಸಿದ ದಿನ, ಛೆಟ್ರಿ ಹ್ಯಾಟ್ರಿಕ್ ಹೊಡೆದ ದಿನ, ಬಂದಿದ್ದ ಜನ 2,569. ಅವರು ವಿಡಿಯೊ ಮಾಡಿ ಕೈಮುಗಿದು ಕೇಳಿದರು. ಬೈಯಿರಿ, ಟೀಕೆ ಮಾಡಿ, ಆದರೆ ಸ್ಟೇಡಿಯಂಗೆ ಬಂದು ಮಾಡಿ ಅನ್ನೋ ಅರ್ಥದಲ್ಲಿ. ಕೀನ್ಯಾ ವಿರುದ್ಧದ ಮುಂದಿನ ಪಂದ್ಯಕ್ಕೆ, ಅದು ಅವರ ನೂರನೇ ಪಂದ್ಯ, ಟಿಕೆಟ್ಟೆಲ್ಲ ಖಾಲಿ. ಸುರಿಯುವ ಮಳೆಯಲ್ಲಿ ಜನ ತುಂಬಿದ್ದರು. ದೇಶದ ನಾಯಕ ಹೀಗೆ ಬೇಡಿಕೊಳ್ಳಬೇಕಾಗಿ ಬಂದಿದ್ದು ಸರಿಯಲ್ಲ, ಆದರೆ ಅವರು ಕೇಳಿದರು. ಅಹಂ ಅಡ್ಡ ಬರಲಿಲ್ಲ. ಐದು ವರ್ಷದ ನಂತರ ನಮ್ಮ ಕಂಠೀರವದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ನಡೆದಾಗ ಯಾರೂ ಬೇಡಿಕೊಳ್ಳಬೇಕಾಗಲಿಲ್ಲ. ಪಾಕಿಸ್ತಾನದ ವಿರುದ್ಧ ಮಳೆಯಲ್ಲೇ ಹ್ಯಾಟ್ರಿಕ್, ಫೈನಲ್‌ನಲ್ಲಿ ಕುವೈತ್ ವಿರುದ್ಧ ಪೆನಾಲ್ಟಿ ಶೂಟೌಟ್, ಗುರ್‌ಪ್ರೀತ್ ಸಿಂಗ್ ಕೊನೆಯ ಹೊಡೆತ ತಡೆದಾಗ ಗ್ಯಾಲರಿಯಲ್ಲಿ ಗೊತ್ತಿಲ್ಲದವರನ್ನೆಲ್ಲ ತಬ್ಬಿಕೊಂಡೆವು.

ಸರಿ, ಏನು ಮಾಡಬೇಕು ಅಂತ ನೀವು ಕೇಳಬಹುದು.

ಕ್ಲಬ್‌ಗಳು ವಿದೇಶಿ ಸ್ಟ್ರೈಕರ್ ತರಬಾರದು ಅಂತ ನಾನು ಹೇಳಲ್ಲ. ಒಳ್ಳೆಯವರ ಜತೆ ಆಡಿದರೇ ನಮ್ಮವರು ಕಲಿಯೋದು, ಛೆಟ್ರಿಯೇ ಬರೆಟೊ ಪಕ್ಕದಲ್ಲಿ ಆಡಿ ಬೆಳೆದರು. ಆದರೆ ಕಪ್ ಪಂದ್ಯಗಳಲ್ಲಾದರೂ ಮುಂದಿನ ಸಾಲಿನಲ್ಲಿ ಭಾರತೀಯ ಹುಡುಗರೇ ಆಡಬೇಕು ಅಂತ ಒಂದು ನಿಯಮ ತರಬಹುದು. ಇನ್ನೂ ಮುಖ್ಯವಾಗಿ, ಚಿಕ್ಕವರಿಗೆ ಪಂದ್ಯಗಳು ಜಾಸ್ತಿ ಬೇಕು. ಹದಿನಾರು ಹದಿನೇಳರ ಹುಡುಗ ವರ್ಷಕ್ಕೆ ಹತ್ತು ಹದಿನೈದು ಪಂದ್ಯ ಆಡಿ ಸ್ಟ್ರೈಕರ್ ಆಗೋಕೆ ಸಾಧ್ಯವಿಲ್ಲ. ಉಳಿದ ದಿನ ಕೋನ್ ಇಟ್ಟು ಓಡಿಸಿದರೆ ಕಾಲಿಗೆ ಬಲ ಬರುತ್ತದೆ, ಗೋಲಿನ ಮುಂದೆ ಏನು ಮಾಡಬೇಕು ಅನ್ನೋದು ಬರಲ್ಲ.

ಇದರಲ್ಲಿ ನಿಮ್ಮ ಪತ್ರಿಕೆಯ ಪಾಲೂ ಇದೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಅಶೋಕನಗರದ ಅದೇ ಸ್ಟೇಡಿಯಂನಲ್ಲಿ ಬೆಂಗಳೂರಿನ ಸೂಪರ್ ಡಿವಿಷನ್ ಲೀಗ್ ನಡೆಯುತ್ತದೆ. ಸೇನೆಯ ಎಂಇಜಿ ತರಹದ ಹಳೆಯ ಹೆಸರುಗಳ ಜತೆ ಹೊಸ ಕ್ಲಬ್‌ಗಳೂ ಆಡುತ್ತವೆ. ಒಳ್ಳೆಯ ಪಂದ್ಯಗಳು, ಮುಂದಿನ ಹುಡುಗ ಸಿಗಬಹುದಾದ ಜಾಗ. ಆದರೆ ಗ್ಯಾಲರಿಯಲ್ಲಿ ಆಟಗಾರರ ಮನೆಯವರು, ಸ್ನೇಹಿತರು ಬಿಟ್ಟರೆ ಬೇರೆ ಜನ ಕಡಿಮೆ. ಪಂದ್ಯ ಯಾವತ್ತು, ಎಷ್ಟು ಹೊತ್ತಿಗೆ ಅಂತಲೇ ಊರಿಗೆ ಗೊತ್ತಿರುವುದಿಲ್ಲ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯ ಅಂತ ಇದ್ದಾಗ 1968-69ರಲ್ಲಿ ಗೆದ್ದ ಮೇಲೆ ಅದೇ ಮೊದಲು, 54 ವರ್ಷದ ನಂತರ. ಆ ತಂಡದ ಮೂರು ಆಟಗಾರರ ಹೆಸರು ಹೇಳಿ ಅಂದರೆ ನಮ್ಮ ಕ್ರೀಡಾಪ್ರೇಮಿಗಳಲ್ಲಿ ಎಷ್ಟು ಜನ ಹೇಳಬಲ್ಲರು? ಯುರೋಪಿನ ಕ್ಲಬ್‌ಗಳ ಸುದ್ದಿಗೆ ಕ್ರೀಡಾಪುಟದಲ್ಲಿ ದಿನವೂ ಜಾಗ ಇರುತ್ತದೆ, ಇರಲಿ, ನಾನೂ ಓದುತ್ತೇನೆ. ಅದರ ಪಕ್ಕದಲ್ಲಿ ನಾಲ್ಕು ಸಾಲು ನಮ್ಮ ಲೀಗ್‌ಗೂ ಕೊಡಿ. ಇವತ್ತಿನ ಪಂದ್ಯ, ಸಮಯ, ನಿನ್ನೆ ಗೋಲು ಹೊಡೆದವರ ಹೆಸರು. ಅಷ್ಟು ಸಾಕು. ಪತ್ರಿಕೆಯಲ್ಲಿ ಹೆಸರು ಬಂದರೆ ಆಸ್ಟಿನ್ ಟೌನ್‌ನ ಹುಡುಗನ ಮನೆಯಲ್ಲಿ ಅವತ್ತು ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಇನ್ನೊಂದು ಕೋರಿಕೆ. ಛೆಟ್ರಿ ಬೆಂಗಳೂರಿನಲ್ಲಿ ಇರುವಾಗಲೇ ನಿಮ್ಮ ವರದಿಗಾರರು ಅವರ ಜತೆ ಕೂತು ಒಂದು ದೊಡ್ಡ ಸಂದರ್ಶನ ಮಾಡಲಿ. 95ರ ಬಗ್ಗೆ, ಮೆಸ್ಸಿ ಬಗ್ಗೆ ಕೇಳೋದು ಬೇಡ. ಪೆನಾಲ್ಟಿ ಬಾಕ್ಸ್‌ನಲ್ಲಿ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು, ಕುಳ್ಳಗಿರುವವನು ತಲೆಗೆ ಚೆಂಡು ಹೇಗೆ ಸಿಗಿಸಿಕೊಳ್ಳಬೇಕು, ಬೆಂಚಿನ ಮೇಲೆ ಕೂತಾಗ ಮನಸ್ಸು ಹೇಗೆ ಇಟ್ಟುಕೊಳ್ಳಬೇಕು, ಇದನ್ನೆಲ್ಲ ಕೇಳಿ ಕನ್ನಡದಲ್ಲಿ ಅಚ್ಚು ಹಾಕಿ. ಹುಬ್ಬಳ್ಳಿ, ಮಂಗಳೂರು, ಕೆಜಿಎಫ್, ಬೆಳಗಾವಿಯಲ್ಲಿ ಚೆಂಡು ಒದೆಯುವ ಮಕ್ಕಳು ಓದುತ್ತಾರೆ.

ಇಂತಿ,
ನಿಮ್ಮ ಓದುಗ, ಫುಟ್‌ಬಾಲ್ ಅಭಿಮಾನಿ
ಬೆಂಗಳೂರು